ಅಂಜುವ ಇಲಿ, ಅಂಜದ ಇಲಿ

ಪ್ರಾಣಿಗೃಹದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಲಿ ಕಚ್ಚುತ್ತದೆಯೇ? ಕಚ್ಚುತ್ತದೆ. ನನಗೆ ಎಷ್ಟು ಸಲ ಕಚ್ಚಿದೆಯೋ ನೆನಪಿಲ್ಲ. ಆದರೆ ಕಚ್ಚಿದಾಗಲೆಲ್ಲ ತಪ್ಪು ನನ್ನದೇ ಆಗಿತ್ತು, ಇಲಿಯದಲ್ಲ. ಇಷ್ಟು ಒಪ್ಪಿಕೊಳ್ಳಲು ತಯಾರಿಲ್ಲದವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ಪುಣೆಯಲ್ಲಿ ಕೆಲಸಕ್ಕೇನು ಬರವಿಲ್ಲ.

ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ತೊಂಬತ್ತರ ದಶಕದ ಮೊದಲಿಗೆ ತಂತ್ರಜ್ಞೆಯಾಗಿ ಸೇರಿದೆ. ಮುಂದಿನ ದಶಕ ಮುಗಿಯುವ ಹೊತ್ತಿಗೆ ನಿವೃತ್ತಳಾದೆ. ನನ್ನ ಕೆಲಸ ಬಿಳಿ ಸುಂಡಿಲಿಗಳ ಅಂಜಿಕೆಯನ್ನು ಅಳೆಯುವುದು. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ಬಟ್ಟೆ ಅಳೆಯುವವರಿದ್ದಾರೆ, ಹೊಲ ಅಳೆಯುವವರಿದ್ದಾರೆ, ನಾನು ಅಂಜಿಕೆ ಅಳೆದೆ. ಚೆನ್ನಾಗಿಯೇ ಅಳೆದೆ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಪುಣೆಗೆ ಸೊಸೆಯಾಗಿ ಬಂದು, ಬಹಳ ವರ್ಷದ ಮೇಲೆ ಕೆಲಸ ಹುಡುಕಿದವಳು ನಾನು. ಮಾವನವರದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ, ಬೆಲ್ಲದ ದಲಾಲಿ ಅಂಗಡಿ, ಹಿಂದೆಯೇ ಗೋದಾಮು. ನನಗೆ ಕೆಲಸ ಸಿಕ್ಕಿತೆಂದು ಹೇಳಿ ನಮಸ್ಕಾರ ಮಾಡಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅಲ್ಲವಾ ಸುನಂದಾ, ನಾವು ಇಲ್ಲಿ ಇಲಿ ಹೊಡಿಯಾಕ ಪಗಾರ ಕೊಟ್ಟು ಆಳ ಇಟ್ಟೀವಿ. ನಿನಗ ಅಲ್ಲಿ ಇಲಿ ಸಾಕಾಕ ಪಗಾರ ಕೊಡ್ತಾರೇನು?”

“ಹೌದ್ರಿ ಮಾವಾರ.”

“ಹಂಗಾರ ನಮ್ಮ ಗೋದಾಮಿನವೂ ಒಂದಿಷ್ಟು ಒಯ್ಯವಾ, ಪುಣ್ಯಾ ಬರ್ತದ.”

ಈ ಮಾತನ್ನು ಅವರು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು. ಆದರೆ ಕೆಲಸ ಬೇಡವೆಂದು ಒಮ್ಮೆಯೂ ಅನ್ನಲಿಲ್ಲ. ಆ ಕಾಲದ ವ್ಯಾಪಾರಸ್ಥರ ಮನೆಯಲ್ಲಿ ಅದೇ ದೊಡ್ಡದು.

ಇಲಿ ಹಿಡಿಯುವುದನ್ನು ನನಗೆ ಕಲಿಸಿದ್ದು ಸಾವಂತ ಮಾಮಾ. ಪ್ರಾಣಿಗೃಹದ ಹಳೆಯ ನೌಕರರು, ನಾಲ್ಕನೇ ಇಯತ್ತೆಯವರೆಗೆ ಓದಿದ್ದರು. ಮೊದಲ ದಿನ ನಾನು ಡಿಗ್ರಿಯ ಗತ್ತಿನಲ್ಲಿ ಪಂಜರಕ್ಕೆ ಕೈ ಹಾಕಲು ಹೋದರೆ ತಡೆದರು. “ಆಧೀ ಹಾತ ಗರಮ ಕರಾ, ಬಾಯಿ” ಎಂದರು. ಬಾಯಿ ಅಂದರೆ ಅಮ್ಮ; ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಬೇಕಂತೆ. ತಣ್ಣನೆಯ ಕೈ ಎಂದರೆ ಇಲಿಗೆ ಹಾವು ಮುಟ್ಟಿದ ಹಾಗೆ. ನಾನು ಎರಡು ಅಂಗೈ ಉಜ್ಜಿಕೊಂಡು ಐದು ನಿಮಿಷ ನಿಂತೆ. ಯಾವ ಪುಸ್ತಕದಲ್ಲೂ ಬರೆದಿರದ ಆ ಮಾತನ್ನು ನಾನು ಕೊನೆಯ ದಿನದವರೆಗೂ ಪಾಲಿಸಿದೆ.

ಅಳೆಯುವುದು ಹೇಗೆಂದು ಹೇಳಿಬಿಡುತ್ತೇನೆ. ಸೊಂಟದೆತ್ತರದ ಕಂಬದ ಮೇಲೆ ಅಧಿಕ ಚಿಹ್ನೆಯ ಆಕಾರದ ಒಂದು ಹಲಗೆ. ನಾಲ್ಕು ದಾರಿ. ಎರಡಕ್ಕೆ ಪಕ್ಕದಲ್ಲಿ ಗೋಡೆಯಿದೆ, ಎರಡಕ್ಕೆ ಇಲ್ಲ. ಇಲಿಯನ್ನು ನಡುವೆ ಬಿಟ್ಟು ಐದು ನಿಮಿಷ ನೋಡಬೇಕು. ಇಲಿಗೆ ಗೋಡೆಯ ಆಸರೆಯೂ ಬೇಕು, ಹೊಸ ಜಾಗ ನೋಡುವ ಆಸೆಯೂ ಬಿಡದು. ಆತಂಕದ ಇಲಿ ಗೋಡೆಯ ದಾರಿಯಲ್ಲೇ ಕೂರುತ್ತದೆ. ಧೈರ್ಯದ್ದು ಬಯಲು ದಾರಿಗೆ ಬರುತ್ತದೆ. ನೆನಪಿಡಿ, ಅಂಜಿಕೆ ಬೇರೆ, ಆತಂಕ ಬೇರೆ. ಬೆಕ್ಕು ಎದುರಿಗೆ ಬಂದರೆ ಆಗುವುದು ಅಂಜಿಕೆ. ಬೆಕ್ಕು ಇಲ್ಲ, ಆದರೂ ಬಂದರೇನು ಗತಿ ಎಂದು ಕೂರುವುದು ಆತಂಕ. ನಾವು ಅಳೆಯುತ್ತಿದ್ದದ್ದು ಎರಡನೆಯದನ್ನು, ಬಾಯಿಮಾತಿಗೆ ಎಲ್ಲವನ್ನೂ ಅಂಜಿಕೆ ಅನ್ನುತ್ತಿದ್ದೆವು.

ಬೆಕ್ಕೆಂದಾಗ ನನ್ನ ಮೊದಲ ದೊಡ್ಡ ಎಡವಟ್ಟು ನೆನಪಾಯಿತು. ಸೇರಿದ ವರ್ಷವೇ ಎರಡು ವಾರ ನಮ್ಮ ಇಲಿಗಳೆಲ್ಲ ಒಮ್ಮೆಲೇ ಪುಕ್ಕಲಾದವು. ಪರೀಕ್ಷೆಯ ಮದ್ದು ಚುಚ್ಚಿದ್ದಿರಲಿ, ಚುಚ್ಚದ್ದಿರಲಿ, ಬಿಟ್ಟ ಕೂಡಲೇ ಗೋಡೆಯ ದಾರಿಗೆ ಓಡಿ ಹಿಕ್ಕೆ ಹಾಕಿ ಮುದುರಿಕೊಳ್ಳುತ್ತಿದ್ದವು. ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಭಿಡೆ ಸರ್. ಮಿತಭಾಷಿ, ಕಿವಿಯ ಮೇಲೆ ಸದಾ ಪೆನ್ಸಿಲ್, ಬಹಳ ಮೆಚ್ಚಿದರೆ ‘ಠೀಕ ಆಹೆ’ ಅನ್ನುವವರು. ಅವರು ದೀಪ ಬದಲಿಸಿದರು, ಪಂಜರಕ್ಕೆ ಹಾಸುವ ಹೊಟ್ಟು ಬದಲಿಸಿದರು, ಕಾಳು ಬದಲಿಸಿದರು. ಏನೂ ಆಗಲಿಲ್ಲ. ಒಂದು ದಿನ ಸಾವಂತ ಮಾಮಾ ನನ್ನ ಪಕ್ಕ ನಿಂತು ಮೂಗರಳಿಸಿ, ಸೀರೆಯ ಸೆರಗಿನ ಮೇಲಿನ ಒಂದು ಕೂದಲು ಎತ್ತಿ ಹಿಡಿದರು. “ಬಾಯಿ, ಮಾಂಜರ!” ಬೆಕ್ಕಿನ ಕೂದಲು.

ಆ ವಾರಗಳಲ್ಲಿ ನಾನು ಬೆಳಿಗ್ಗೆ ಮಾವನವರಿಗೆ ಬುತ್ತಿ ಕೊಟ್ಟು ಬರುತ್ತಿದ್ದೆ. ಗೋದಾಮಿಗೆ ಆಗತಾನೇ ಒಂದು ಬೆಕ್ಕು ತಂದಿದ್ದರು. ನಾನು ಕೂತೊಡನೆ ಅದು ತೊಡೆಯೇರಿ ಕೂರುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದನ್ನು ಗಾದೆಯಾಗಿ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಮರುದಿನದಿಂದ ಕೆಲಸಕ್ಕೇ ಬೇರೆ ಸೀರೆ ಇಟ್ಟುಕೊಂಡೆ, ಒಳಗೆ ಹೋಗುವ ಮೊದಲು ಉಟ್ಟದ್ದು ಬದಲಿಸತೊಡಗಿದೆ. ಭಿಡೆ ಸರ್ ಬೈಯಲಿಲ್ಲ. ಎರಡು ವಾರದ ಹಾಳೆಗಳ ಮೇಲೆ ಪೆನ್ಸಿಲಿನಿಂದ ಒಂದೊಂದು ಗೀಟು ಎಳೆದು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಇಷ್ಟು ಕಲಿತ ಮೇಲೆ ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆ ಬಂತು. ಅಕ್ಕಪಕ್ಕದ ಪ್ರಯೋಗಾಲಯದವರು ‘ಸುನಂದಾತಾಯಿ ನೋಡಿದ ಇಲಿಯೇ’ ಎಂದು ಕೇಳಿ ಫಲಿತಾಂಶ ನಂಬುತ್ತಿದ್ದರು. ಸುಳ್ಳೇಕೆ ಹೇಳಲಿ, ಹೆಮ್ಮೆಯ ಜೊತೆ ಸೊಕ್ಕೂ ಸ್ವಲ್ಪ ಬಂತು. ಅದರ ಕತೆಯೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು.

ಎರಡು ಸಾವಿರದ ನಂತರದ ವರ್ಷಗಳು. ಸಾವಂತ ಮಾಮಾ ನಿವೃತ್ತರಾಗಿದ್ದರು. ಬೆಳಗಾವಿಯ ಹುಡುಗಿ ವಿದ್ಯಾ ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮನೆಮಾತು ಕನ್ನಡ, ಓದಿದ್ದು ಮರಾಠಿ ಶಾಲೆ. ನನ್ನನ್ನು ‘ಮೌಶಿ’, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು. ಅವಳ ವಿಷಯ ಮಿದುಳಿನ ಒಂದು ಕಿಣ್ವ. ಮಿದುಳಿನಲ್ಲಿ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತದೆ. ಆ ಸುದ್ದಿ ಕೋಶದ ಬಾಗಿಲ ತನಕ ಬರುತ್ತದೆ, ಒಳಗೆ ಬರುವುದಿಲ್ಲ. ಹೊಸಿಲಲ್ಲಿ ನಿಂತವರ ಮಾತು ಕೇಳಿ ಅಡುಗೆಮನೆಗೆ ಮುಟ್ಟಿಸುವ ಸೊಸೆಯ ಹಾಗೆ ಕೆಲವು ಕಿಣ್ವಗಳು ಅದನ್ನು ಒಳಗೆ ಒಯ್ಯುತ್ತವೆ. ವಿದ್ಯಾಳ ಕಿಣ್ವ ಅಂಥದೊಂದು. ಅದರ ಬಾಯಿ ಮುಚ್ಚಿಸಿದರೆ ಇಲಿಯ ಆತಂಕ ಇಳಿಯುತ್ತದೆ ಅನ್ನುವುದು ಭಿಡೆ ಸರ್ ನಂಬಿಕೆ. ಬಾಯಿ ಮುಚ್ಚಿಸುವ ಮದ್ದನ್ನು ಒಂದು ದಿನ ಬಿಟ್ಟು ಎರಡು ಸಲ ಚುಚ್ಚಬೇಕು, ಆಮೇಲೆ ಹಲಗೆಯ ಮೇಲೆ ಬಿಟ್ಟು ನೋಡಬೇಕು. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವುದು ಯಾವುದೆಂದು ನೋಡುವವಳಿಗೆ ತಿಳಿಯಬಾರದು, ಹಾಗಾಗಿ ಸೀಸೆಗಳ ಮೇಲೆ ಗುರುತು ಮಾತ್ರ, ಉತ್ತರ ಸರ್ ಲಕೋಟೆಯೊಳಗೆ.

ವಿದ್ಯಾಳ ಶಿಷ್ಯವೇತನ ಮುಗಿಯಲು ಒಂದು ವರ್ಷವೂ ಇರಲಿಲ್ಲ. ಮೊದಲಿನ ಎರಡು ಪ್ರಯೋಗಗಳಲ್ಲಿ ಏನೂ ಸಿಕ್ಕಿರಲಿಲ್ಲ. ಇದು ಕೈಕೊಟ್ಟರೆ ಪ್ರಬಂಧ ಇಲ್ಲ, ಅಷ್ಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು.

ಮದ್ದು ಚುಚ್ಚಲು ಶುರುಮಾಡುವ ವಾರ ನಾನು ತಂಗಿಯ ಮಗಳ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದೆ. ಮಂಗಳವಾರ ಸಂಜೆ ವಿದ್ಯಾಳಿಗೆ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನ್ ಬಂದು, ಅವಳು ಕೈಗೆ ಸಿಕ್ಕ ಬಸ್ಸು ಹತ್ತಿ ಬೆಳಗಾವಿಗೆ ಹೋದಳು. ಹೋಗುವ ಮುನ್ನ ಪಂಜರದ ಕೋಣೆಯ ಫಲಕದ ಮೇಲೆ ನನಗಾಗಿ ಎರಡು ಸಾಲು ಬರೆದಿದ್ದಳು. ಪ್ರಾಣಿಗೃಹದ ಉಳಿದವರೂ ಓದಲೆಂದು ಮರಾಠಿಯಲ್ಲಿ. ಮೇಲೆ ಮಂಗಳವಾರದ ತಾರೀಖು. ಕೆಳಗೆ ‘ದುಸರಾ ಡೋಸ — ಪರವಾ’. ಅದರ ಕೆಳಗೆ ‘ಟೆಸ್ಟ — ಶುಕ್ರವಾರ’.

ಮರಾಠಿ ಬಲ್ಲವರು ಇಷ್ಟರಲ್ಲೇ ನಗುತ್ತಿರಬಹುದು. ಬಾರದವರಿಗೆ ಹೇಳುತ್ತೇನೆ. ನಮಗೆ ಕನ್ನಡದಲ್ಲಿ ಮೊನ್ನೆ ಬೇರೆ, ನಾಡಿದ್ದು ಬೇರೆ. ಮರಾಠಿಯಲ್ಲಿ ಎರಡಕ್ಕೂ ‘ಪರವಾ’ ಒಂದೇ. ಕೊಟ್ಟೆ ಎಂದರೆ ಮೊನ್ನೆ, ಕೊಡಬೇಕು ಎಂದರೆ ನಾಡಿದ್ದು. ಅವಸರದಲ್ಲಿ ವಿದ್ಯಾ ಕ್ರಿಯಾಪದವನ್ನೇ ಬರೆದಿರಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ನಾಡಿದ್ದು, ಅಂದರೆ ಗುರುವಾರ ಎರಡನೇ ಡೋಸ್ ಹಾಕಿರಿ ಎಂದು. ಬುಧವಾರ ಕೆಲಸಕ್ಕೆ ಬಂದ ನಾನು ಓದಿದ್ದು ಮೊನ್ನೆ, ಅಂದರೆ ರವಿವಾರವೇ ಎರಡನೇ ಡೋಸ್ ಆಗಿದೆ ಎಂದು. ರವಿವಾರವೂ ಕೆಲಸಕ್ಕೆ ಬರುವ ಹುಡುಗಿ ಅವಳು, ನನಗೆ ಅನುಮಾನವೇ ಬರಲಿಲ್ಲ. ಪಕ್ಕದ ಮೇಜಿನ ಮೇಲೆ ರಜಿಸ್ಟರ್ ಇತ್ತು. ತೆರೆದಿದ್ದರೆ ಮೊದಲ ಡೋಸೇ ಮಂಗಳವಾರ ಆದದ್ದು ಕಾಣುತ್ತಿತ್ತು. ತೆರೆಯಲಿಲ್ಲ. ಇಷ್ಟು ವರ್ಷದಿಂದ ಪುಣೆಯಲ್ಲಿರುವ ನನಗೆ ಎರಡು ಸಾಲು ಮರಾಠಿ ತಿಳಿಯದೇ ಅನ್ನುವ ಸೊಕ್ಕು. ಆಗ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ, ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ.

ಶುಕ್ರವಾರ ಇಲಿಗಳನ್ನು ಒಂದೊಂದಾಗಿ ಹಲಗೆಗೆ ಬಿಟ್ಟೆ. ಒಂದು ಗುಂಪು ಎಂದಿನಂತೆ ಇತ್ತು. ಇನ್ನೊಂದು ಗುಂಪಿನವು ಬಯಲು ದಾರಿಯ ತುದಿಯವರೆಗೆ ಹೋಗಿ, ಕೆಳಗೆ ಬಗ್ಗಿ ನೋಡಿ, ಅಲ್ಲೇ ಕೂತು ಮೀಸೆ ತೀಡಿಕೊಂಡವು. ಅಂಥ ಧೈರ್ಯದ ಇಲಿಗಳನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಪದ್ಧತಿಯಂತೆ ಅವುಗಳ ಪ್ರಾಣ ತೆಗೆದು ಮಿದುಳನ್ನು ಕಿಣ್ವ ಅಳೆಯಲು ಕೊಟ್ಟೆವು. ಆ ಕೆಲಸ ನಾನೇ ಮಾಡುತ್ತಿದ್ದೆ, ಬೇರೆಯವರಿಗೆ ಬಿಡುತ್ತಿರಲಿಲ್ಲ. ಸಾಕಿದ ಕೈಯೇ ಮಾಡಿದರೆ ಅವು ಕಡಿಮೆ ಅಂಜುತ್ತವೆ. ಪ್ರತಿ ಸಲವೂ ನನಗೆ ಸಂಕಟವಾಗುತ್ತಿತ್ತು. ಆಗದಿದ್ದವರನ್ನು ನಾನು ಈ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ.

ವಿದ್ಯಾಳ ತಂದೆ ಗುಣವಾದರು, ಅವಳು ಮರಳಿ ಬಂದಳು. ಸರ್ ಲಕೋಟೆ ಒಡೆದರು. ಧೈರ್ಯದ ಇಲಿಗಳೆಲ್ಲ ಮದ್ದಿನ ಗುಂಪಿನವು. ಭಿಡೆ ಸರ್ ‘ಠೀಕ ಆಹೆ’ ಎಂದು ಎರಡು ಸಲ ಹೇಳಿ ಪೇಢೆ ತರಿಸಿದರು. ವಿದ್ಯಾ ಪ್ರಬಂಧದ ಅಧ್ಯಾಯ ಬರೆಯಲು ಕೂತಳು.

ಒಂದು ತಿಂಗಳು ಕಳೆದಿರಬೇಕು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆವು. ವಿದ್ಯಾ ನನ್ನ ಕೈ ಹಿಡಿದು ಹೇಳಿದಳು: “ಮೌಶಿ, ನಾ ಇಲ್ಲದಾಗ ಗುರುವಾರ ಎರಡನೇ ಡೋಸ್ ನೀವ ಹಾಕಿದ್ರಲ್ಲಾ, ಅದಕ್ಕ ಎಲ್ಲಾ ಉಳೀತು ನೋಡ್ರಿ. ನಿಮ್ಮ ಉಪಕಾರ ಮರೆಯಂಗಿಲ್ಲ ನಾ.”

ಫಲಕದ ಮೇಲಿನ ‘ಪರವಾ’ ನಾಡಿದ್ದೆಂದು ಆಗ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ‘ಹೂಂ’ ಅಂದುಬಿಟ್ಟೆ. ಇದನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಮಾಡಿದ್ದನ್ನು ಮಾತ್ರ ಬರೆದರೆ ನಾನು ದೊಡ್ಡವಳಾಗಿ ಕಾಣುತ್ತೇನೆ. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಒಂದು ಡೋಸಾದರೇನು, ಎರಡಾದರೇನು, ಫಲ ಬಂತಲ್ಲ. ಹುಡುಗಿಯ ಬಾಳು ನೆಟ್ಟಗಾಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಹೀಗೆಲ್ಲ ನನಗೇ ನಾನು ಹೇಳಿಕೊಂಡೆ. ಮೂರನೆಯ ದಿನ ಪಂಜರ ತೊಳೆಯುವಾಗ ಆ ಇಲಿಗಳ ಖಾಲಿ ಪಂಜರಗಳು ಕೈಗೆ ಬಂದವು. ಅಷ್ಟು ಜೀವ ತೆಗೆದು ನಾವು ಬರೆಯುತ್ತಿರುವುದು ಸುಳ್ಳು ಎಂದು ಎದೆಗೆ ಒದ್ದಂತಾಯಿತು. ಕೈ ಒರೆಸಿಕೊಂಡು ನೇರ ಸರ್ ಕೋಣೆಗೆ ಹೋದೆ. ವಿದ್ಯಾ ಅಲ್ಲೇ ಇದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ.

ಸರ್ ರಜಿಸ್ಟರ್ ತರಿಸಿದರು. ಗುರುವಾರದ ಸಾಲು ಖಾಲಿಯಿತ್ತು.

“ಒಂದ ಮಾತ ಕೇಳ್ತೀನ್ರಿ ಮೌಶಿ,” ವಿದ್ಯಾ ನನ್ನ ಕಡೆ ತಿರುಗಿದಳು. “ನೀವು ಸುಮ್ನಿದ್ರ ಯಾರಿಗೆ ತಿಳೀತಿತ್ತು?”

“ಯಾರಿಗೂ ಇಲ್ಲವಾ.”

“ಮತ್ತ? ನನ್ನ ಗತಿ ಏನಂತ ವಿಚಾರ ಮಾಡಿದ್ರೇನ್ರಿ?”

“ಅದನ್ನ ಎರಡು ದಿನಾ ಮಾಡೇನಿ. ಬಯ್ಯವಾ, ಎಷ್ಟ ಬೇಕೋ ಅಷ್ಟು ಬಯ್ಯಿ.”

ಅವಳು ಬೈಯಲಿಲ್ಲ, ಎದ್ದು ಹೋದಳು. ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಭಿಡೆ ಸರ್ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಆ ಅಧ್ಯಾಯದ ಮೇಲೆ ಗೀಟು ಎಳೆದರು. ಆಮೇಲೆ ಅದೇ ಪೆನ್ಸಿಲಿನಲ್ಲಿ ಹೊಸ ಹಾಳೆಯ ಮೇಲೆ ಮೂರು ಚೌಕ ಬರೆದರು. ಉಪ್ಪುನೀರು, ಒಂದು ಡೋಸ್, ಎರಡು ಡೋಸ್. “ಮತ್ತೆ ಮಾಡಿ” ಎಂದರು ಮರಾಠಿಯಲ್ಲಿ. ವಿದ್ಯಾಳ ಅವಧಿಯನ್ನು ಆರು ತಿಂಗಳು ಹಿಗ್ಗಿಸಲು ಯಾರ ಯಾರ ಬಾಗಿಲಿಗೆ ಹೋದರೋ, ನಮಗೆ ಹೇಳಲಿಲ್ಲ.

ಹೊಸ ಇಲಿಗಳು ಹುಟ್ಟಿ ಬೆಳೆಯಬೇಕು. ನಾನು ಆರು ತಿಂಗಳು ಒಂದು ರಜೆಯನ್ನೂ ಹಾಕಲಿಲ್ಲ. ಈ ಹೊತ್ತಿಗೆ ಹಲಗೆಯ ಮೇಲೆ ಕ್ಯಾಮೆರಾ ಬಂದಿತ್ತು. ಇಲಿ ಗೋಡೆಯ ದಾರಿಯಲ್ಲಿ ಎಷ್ಟು ಹೊತ್ತು, ಬಯಲಿನಲ್ಲಿ ಎಷ್ಟು ಹೊತ್ತು ಇತ್ತೆಂದು ಕಂಪ್ಯೂಟರು ಲೆಕ್ಕ ಹಾಕುತ್ತಿತ್ತು. ಇನ್ನು ನೀವು ಕಣ್ಣಿಂದ ನೋಡುವುದು ಬೇಕಿಲ್ಲ ತಾಯಿ ಎಂದು ಹುಡುಗರು ಹೇಳಿದರು. ನಾನು ಪರದೆಯ ಹಿಂದೆ ಕೂತು ನೋಡುವುದನ್ನೂ, ಷರಾ ಕಾಲಮಿನಲ್ಲಿ ಬರೆಯುವುದನ್ನೂ ಬಿಡಲಿಲ್ಲ. ಆ ಕಾಲಮನ್ನು ಯಾರೂ ಓದುತ್ತಿರಲಿಲ್ಲ.

ಫಲಿತಾಂಶ ಬಂದಾಗ ಮೂವರೂ ಬೆಪ್ಪಾದೆವು. ಒಂದು ಡೋಸಿನ ಇಲಿಗಳು ಮೊದಲಿನಂತೆಯೇ ಧೈರ್ಯವಾಗಿದ್ದವು. ಎರಡು ಡೋಸಿನವು ಉಪ್ಪುನೀರಿನವಕ್ಕಿಂತ ಹೆಚ್ಚು ಹೊತ್ತು ಗೋಡೆಯ ದಾರಿಯಲ್ಲೇ ಉಳಿದಿದ್ದವು. ಅಂದರೆ ನಾನು ಗುರುವಾರದ ಡೋಸ್ ಸರಿಯಾಗಿ ಹಾಕಿದ್ದರೆ ಸರ್ ನಂಬಿದ್ದಕ್ಕೆ ಉಲ್ಟಾ ಬರುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಎರಡು ಡೋಸಿನಿಂದ ಧೈರ್ಯ ಬರುತ್ತದೆಂದು ಜಗತ್ತಿಗೆ ಸುಳ್ಳು ಹೇಳಿ ಕೂರುತ್ತಿದ್ದೆವು. ಅವತ್ತು ವಿದ್ಯಾ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. “ನನ್ನದು ತಪ್ಪಾತ್ರಿ ಮೌಶಿ” ಎಂದಳು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು, ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುವವರು. ಮೊದಲು ಕೇಳಿದರು, ಒಂದೇ ಡೋಸಿನ ಗುಂಪು ಇಡಬೇಕೆಂದು ನಿಮಗೆ ಹೊಳೆದದ್ದು ಹೇಗೆ? ವಿದ್ಯಾ ಹಿಂಜರಿಯದೆ ಉತ್ತರ ಕೊಟ್ಟಳು: “ಹೊಳೆಯಲಿಲ್ಲ ಸರ್. ನಾನು ಅರ್ಧ ಬರೆದೆ, ನಮ್ಮ ತಂತ್ರಜ್ಞೆ ತಪ್ಪು ಓದಿದರು. ಅದನ್ನು ಅವರೇ ಬಂದು ಹೇಳಿದರು.” ಸಭೆಯಲ್ಲಿ ಗುಸುಗುಸು ಎದ್ದಿತು. ಪರೀಕ್ಷಕರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಬಂದರು. ಅದು ನಿಜವಾಗಿಯೂ ಕಠಿಣವಾಗಿತ್ತು. ಎರಡು ಡೋಸಿನ ಇಲಿಗಳಿಗೆ ಆತಂಕವೆಂದು ಹೇಗೆ ಹೇಳುತ್ತೀರಿ? ಮದ್ದು ಹೆಚ್ಚಾಗಿ ಜಡ್ಡು ಬಂದು, ಕಾಲೆತ್ತಲಾಗದೆ ಒಂದೆಡೆ ಬಿದ್ದಿರಬಹುದಲ್ಲ? ಹಾಗಿದ್ದರೆ ಈ ಅಧ್ಯಾಯಕ್ಕೆ ಅರ್ಥವೇ ಇಲ್ಲ.

ವಿದ್ಯಾ ಕಂಪ್ಯೂಟರಿನ ಅಂಕಿ ತೋರಿಸಿದಳು. ನಮ್ಮ ಆಗಿನ ಕಂಪ್ಯೂಟರು ಎಣಿಸಿದ್ದು ಒಳಗೆಷ್ಟು ಹೊತ್ತು, ಹೊರಗೆಷ್ಟು ಹೊತ್ತು ಎಂಬುದನ್ನು ಮಾತ್ರ. ಇಲಿ ಒಳಗೆ ಏನು ಮಾಡುತ್ತಿತ್ತೆಂದು ಅದಕ್ಕೆ ಗೊತ್ತಿಲ್ಲ. ವಿದ್ಯಾ ಅದೇ ಅಂಕಿಯನ್ನು ಮತ್ತೊಮ್ಮೆ ತೋರಿಸಿದಳು. ಭಿಡೆ ಸರ್ ಕಿವಿಯ ಮೇಲಿನ ಪೆನ್ಸಿಲ್ ಮುಟ್ಟಿಕೊಂಡರು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ತಂತ್ರಜ್ಞೆಯರು ಅಂಥ ಸಭೆಯಲ್ಲಿ ಎದ್ದು ನಿಲ್ಲುವುದು ಚಹಾ ಹಂಚುವುದಕ್ಕೆ ಮಾತ್ರ.

“ಸರ್, ನಾನು ಹೇಳಬಹುದೇ? ಮರಾಠಿಯಲ್ಲಿ ಹೇಳುತ್ತೇನೆ.”

ಪರೀಕ್ಷಕರು ಹೇಳಿ ಎಂದು ಕೈ ಮಾಡಿದರು. ಭಿಡೆ ಸರ್ ಎದ್ದು ನನ್ನ ಮಾತನ್ನು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ತಿರುಗಿಸತೊಡಗಿದರು. ನಾನು ಹೇಳಿದೆ: ಆ ಇಲಿಗಳಿಗೆ ಜಡ್ಡಿರಲಿಲ್ಲ. ಗೋಡೆಯ ದಾರಿಯಲ್ಲಿ ಆಚೆಯಿಂದ ಈಚೆಗೆ ಓಡಾಡುತ್ತಲೇ ಇದ್ದವು. ಬಯಲಿನ ಅಂಚಿಗೆ ಬಂದು, ಹಿಂಗಾಲು ಒಳಗೇ ಊರಿ, ಮೈಯನ್ನು ಉದ್ದಕ್ಕೆ ಚಾಚಿ ಹೊರಗೆ ಇಣುಕುತ್ತಿದ್ದವು. ಇಣುಕಿ ಹಿಂದಕ್ಕೆ ಓಡುತ್ತಿದ್ದವು. ಮತ್ತೆ ಬರುತ್ತಿದ್ದವು. ಜಡ್ಡಾದ ಇಲಿ ಇಣುಕುವುದಿಲ್ಲ. ಹೊರಗೆ ಹೋಗಬೇಕೆಂಬ ಆಸೆಯಿದ್ದೂ ಆತಂಕ ಬಿಡದ ಇಲಿ ಇಣುಕುತ್ತದೆ. ಒಂದೊಂದು ಇಲಿ ಎಷ್ಟೆಷ್ಟು ಸಲ ಇಣುಕಿತೆಂದು ಷರಾ ಕಾಲಮಿನಲ್ಲಿ ಬರೆದಿದೆ, ಯಾವ ಗುಂಪು ಯಾವುದೆಂದು ತಿಳಿಯುವ ಮೊದಲೇ ಬರೆದದ್ದು.

ಪರೀಕ್ಷಕರು ರಜಿಸ್ಟರ್ ತರಿಸಿದರು. ಹಾಳೆ ತಿರುವುತ್ತ ಹೋದರು. ವಿದ್ಯಾ ಎರಡೂ ಕೈ ಹಿಡಿದುಕೊಂಡು ನಿಂತಿದ್ದಳು. ಕೊನೆಗೆ ಅವರು ತಲೆಯೆತ್ತಿ, ಇದು ಅಧ್ಯಾಯದೊಳಗೆ ಬರಬೇಕಿತ್ತು, ಈಗ ಸೇರಿಸಿ, ಇದಿದ್ದರೆ ನನಗೆ ಪ್ರಬಂಧ ಒಪ್ಪಿಗೆ ಎಂದರು. ಇದನ್ನು ಗಮನಿಸಿದ್ದು ಯಾರೆಂದು ಬರೆಯಲಿ ಎಂದೂ ಕೇಳಿದರು.

ಭಿಡೆ ಸರ್ ಅಭ್ಯಾಸಬಲದಿಂದ, “ನಾವು ನೋಡಿದೆವು” ಎಂದರು.

ನನಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. “ನಾವಲ್ಲ ಸರ್,” ಮರಾಠಿಯಲ್ಲಿ ಹೇಳಿದೆ, ದನಿ ತಗ್ಗಿಸದೆ. “ತಪ್ಪಾದಾಗ ‘ನಾನು ಮಾಡಿದೆ’ ಅಂದಿದ್ದೆ. ಇದನ್ನೂ ನಾನೇ ನೋಡಿದ್ದು.”

ಸರ್ ಪರೀಕ್ಷಕರ ಕಡೆ ತಿರುಗಿ, ನನ್ನ ಪೂರ್ತಿ ಹೆಸರು ಹೇಳಿ, “ಇವರು ನೋಡಿದರು” ಎಂದರು. ಪರೀಕ್ಷಕರು ಹೆಸರಿನ ಅಕ್ಷರಗಳನ್ನು ನನ್ನಿಂದಲೇ ಕೇಳಿ ಬರೆದುಕೊಂಡರು.